ಕತೆ ಕೇಳುವ ಆರ್ಡಿಸ್

ಎದುರಿಗಿದ್ದವರು ಮಾತಾಡುವಾಗ ಆರ್ಡಿಸ್ ಲುಂಡಳ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ನಮ್ಮ ಮಾತನ್ನೇ ಅವಳು ಒಳಗೊಳಗೆ ಉರುಹೊಡೆಯುತ್ತಿದ್ದಾಳೆಂದು ತಿಳಿದ ದಿನದಿಂದ ನನಗೆ ಅವಳ ಮೇಲೆ ಅನುಮಾನ. ಡುಲೂತ್ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಗುರುವಾರ ಬೆಳಿಗ್ಗೆ ಸೇರುತ್ತಿದ್ದ ನಮ್ಮ ಬರಹಗಾರರ ಕೂಟಕ್ಕೆ, ದಿವಂಗತ ಗಂಡನ ಕಂದು ಕೋಟು ತೊಟ್ಟು, ಮೆಟ್ಟಿಲುಗಳನ್ನು ಏಡಿಯಂತೆ ಅಡ್ಡಡ್ಡ ಇಳಿದು, ಎಲ್ಲರ ಮುಖವೂ ಕಾಣುವ ಕುರ್ಚಿಯನ್ನೇ ಹಿಡಿಯುತ್ತಿದ್ದ ಈ ಮಹಾತಾಯಿ ವರ್ಷಗಳಿಂದ ಒಂದು ಪುಟವನ್ನೂ ಬರೆದು ತಂದವಳಲ್ಲ. "ಏನೂ ಹೊಳೀತಾನೇ ಇಲ್ಲ ಕಣ್ರೇ" ಎಂದು ನಿಟ್ಟುಸಿರಿಟ್ಟು, ಮರುಕ್ಷಣವೇ "ನಿಮ್ಮತ್ತೆ ಕೊಡೆ ಯಾವ ಬಣ್ಣ ಅಂದೆ?" ಎಂದು ಕೇಳುವಳು. ಕೇಳಿದ್ದನ್ನು ಮರೆಯುತ್ತಿರಲಿಲ್ಲ.

ಪರರ ಬರಹದ ಮೇಲೆ ಅವಳಿಗೆ ಕರುಣೆಯೂ ಇರಲಿಲ್ಲ. ಯಾರ ಕತೆಯಲ್ಲಾದರೂ ವಿದಾಯದ ಮುತ್ತೋ ಕಂಬನಿಯೋ ಸುಳಿದರೆ ಸಾಕು, "ಇದು ಅಂಗಡೀಲಿ ಸಿಗೋ ಕಣ್ಣೀರು, ತೆಗೆದು ಬಿಸಾಕು" ಎನ್ನುತ್ತಿದ್ದಳು. ಅದು ಬಹುಮಟ್ಟಿಗೆ ನಿಜವೇ ಆಗಿರುತ್ತಿತ್ತು.

"ಅವಳ ಮುಂದೆ ಬಾಯಿ ಬಿಡಬೇಡ ಕೊರೀನ್," ಎಂದು ಕೂಟದಲ್ಲಿದ್ದ ನಿವೃತ್ತ ಹಲ್ಲಿನ ಡಾಕ್ಟರ್ ಹಾರ್ಲನ್ ನನ್ನನ್ನು ಎಚ್ಚರಿಸಿದ್ದ. "ಜೀವಮಾನವೆಲ್ಲ ಜನರ ಬಾಯಿ ಬಿಡಿಸಿದೋನು ನಾನು. ನನಗಿಂತ ಅವಳೇ ಜೋರು."

ಆದರೂ ಬಿಟ್ಟೆ. ಹಿಮ ಸುರಿಯುತ್ತಿದ್ದ ಒಂದು ದಿನ ನನ್ನ ಕಾರು ಕೆಟ್ಟು ನಿಂತಾಗ ಅವಳೇ ಮನೆಗೆ ಬಿಟ್ಟಳು. ದಾರಿಯಲ್ಲಿ ತಮ್ಮ ವೆಸ್‌ನ ವಿಷಯ ಹೇಳಿಬಿಟ್ಟೆ. ನಾನು ಕೂಟಕ್ಕೆ ಸೇರಿದ್ದೇ ಅವನನ್ನು ಬರೆಯಲೆಂದು. 'ನನ್ನ ತಮ್ಮ ಮಾರ್ಚ್‌ನಲ್ಲಿ ಮುಳುಗಿದ' ಎಂಬಲ್ಲಿಗೆ ನನ್ನ ಲೇಖನಿ ಪ್ರತಿಸಲವೂ ಮರಗಟ್ಟುತ್ತಿತ್ತು. ಮಂಜುಗಡ್ಡೆ ತೆಳುವಾಗುವ ಮುನ್ನ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹಾಕಿದ್ದ ಗುಡಿಸಲಿನಿಂದ ಒಲೆ ತರುತ್ತೇನೆಂದು ಹೊರಟವನು, ಬಾಗಿಲಿನಿಂದ ಹಿಂದಿರುಗಿ ನನ್ನ ತಟ್ಟೆಯ ಟೋಸ್ಟ್ ಕಸಿದುಕೊಂಡು ಹೋದ; ಮತ್ತೆ ಬರಲಿಲ್ಲ. ಬರೆಯಲಾಗದ ಇಷ್ಟನ್ನೂ ಅವಳಿಗೆ ಬಾಯಲ್ಲಿ ಹೇಳಿದ್ದೆ. ಅವನನ್ನು ನೆನೆಯುವವಳು ಈಗ ನಾನೊಬ್ಬಳೇ. ನಾನು ಬರೆಯದಿದ್ದರೆ ನನ್ನೊಂದಿಗೆ ಅವನೂ ಪೂರ್ತಿ ಹೋಗುತ್ತಾನೆಂಬ ಭಯ ನನ್ನನ್ನು ಹಿಂಡುತ್ತಿತ್ತು.

ಏಪ್ರಿಲ್‌ನಲ್ಲಿ ಆರ್ಡಿಸ್ ಕತೆ ತಂದು ಓದಿದಳು. ತಮ್ಮ ಕತೆ ಓದಿದವರು ಚರ್ಚೆ ಮುಗಿಯುವ ತನಕ ತುಟಿ ಬಿಚ್ಚಬಾರದೆಂಬುದು ನಮ್ಮ ಕೂಟದ ಕಟ್ಟುನಿಟ್ಟಿನ ನಿಯಮ. ಅಕ್ಕ, ತಮ್ಮ, ಮಂಜುಗಡ್ಡೆ, ಒಲೆ! ಹೆಸರು ಮಾತ್ರ ಬೇರೆ. ಅವಳ ಕತೆಯ ತಮ್ಮ ಬಾಗಿಲಿನಿಂದ ಹಿಂದಿರುಗಿ ಅಕ್ಕನ ಹಣೆಗೆ ಮುತ್ತಿಟ್ಟು ಹೋದ.

"ಮುತ್ತಂತೆ ಮುತ್ತು!" ನಾನು ಎದ್ದುನಿಂತಿದ್ದೆ. "ವೆಸ್ ಯಾವತ್ತು ಯಾರಿಗೆ ಮುತ್ತು ಕೊಟ್ಟಿದ್ದ? ನನ್ನ ಟೋಸ್ಟ್ ಕಿತ್ಕೊಂಡ, ಬೆಣ್ಣೆ ಇದ್ದ ಕಡೆ ಕಚ್ಚಿದ, ಮೂಗಿಗೆಲ್ಲ ಬೆಣ್ಣೆ ಮೆತ್ಕೊಂಡು 'ನೀನು ಇನ್ನೊಂದು ಸುಟ್ಕೋ' ಅಂತ ಹೋದ! ಕದ್ಯೋದು ಕದ್ದೆ, ನೆಟ್ಟಗಾದ್ರೂ ಕದಿಬಾರ್ದಾ?"

"ಮೊದ್ಲೇ ಹೇಳಿರ್ಲಿಲ್ವಾ?" ಎಂದ ಹಾರ್ಲನ್.

ಆರ್ಡಿಸ್ ನಿಯಮ ಮುರಿಯಲಿಲ್ಲ. ಎಲ್ಲರ ಬೈಗುಳ ಮುಗಿದ ಮೇಲೆ ಹಾಳೆಗಳನ್ನು ಕೋಟಿನ ಜೇಬಿಗೆ ತುರುಕುತ್ತ, "ಬೆಣ್ಣೆ ವಿಷಯ ಕಾರಲ್ಲಿ ಹೇಳಿರ್ಲಿಲ್ಲ ನೀನು," ಎಂದಳು. "ಹೋಗು, ಬರಿ."

ಮೈಯೆಲ್ಲ ಉರಿಯುತ್ತ ಮನೆಗೆ ಬಂದು, ಬೂಟು ಕಳಚುವ ತಾಳ್ಮೆಯೂ ಇಲ್ಲದೆ ಬರೆಯಲು ಕೂತೆ. ಅವಳ ಸುಳ್ಳನ್ನು ಅಳಿಸಿಹಾಕುವ ಹಟದಲ್ಲಿ ನನ್ನ ಲೇಖನಿ ಎಲ್ಲಿಯೂ ನಿಲ್ಲಲಿಲ್ಲ. ಟೋಸ್ಟ್ ಅಗಿಯುತ್ತ, ತುಂಬಿದ ಬಾಯಲ್ಲೇ ನನ್ನನ್ನು ರೇಗಿಸುತ್ತ ವೆಸ್ ಹಾಳೆಯ ಮೇಲೆ ನಡೆದು ಬಂದ. ನಾನು ಅತ್ತುಬಿಟ್ಟೆ, ಸಂತೋಷಕ್ಕೆ.

ಆಮೇಲೆ ಯೋಚನೆ ಹತ್ತಿತು. ಯಾರದೋ ಅತ್ತೆಯ ಕೊಡೆಯನ್ನು ನೆನಪಿಡುವವಳು ಟೋಸ್ಟ್ ಮರೆತಳೇ? ಎಲ್ಲರ ಮುತ್ತುಗಳನ್ನೂ ಹೊಡೆದುಹಾಕಿದವಳು ತಾನೇ ಮುತ್ತು ಬರೆದಳೇ? ಮುಂದಿನ ಗುರುವಾರ ಅವಳನ್ನೇ ನೇರವಾಗಿ ಕೇಳಿದೆ. "ವಯಸ್ಸಾಯ್ತಲ್ಲ ಕಣೇ, ಮರೆವು" ಎಂದು ನಿಂಬೆ ಕೇಕು ಬಾಯಿಗಿಟ್ಟುಕೊಂಡಳು. ನನ್ನನ್ನು ಕೆರಳಿಸಿ ಬರೆಸಲೆಂದೇ ತಪ್ಪು ಬರೆದಳು, ಅವಳಿಗೆ ಋಣಿಯಾಗಿರಬೇಕೆಂದು ನಾನು ತೀರ್ಮಾನಿಸುವಷ್ಟರಲ್ಲಿ ಅವಳ ಕತೆ ಪತ್ರಿಕೆಯೊಂದರಲ್ಲಿ ಬಂತು. ಮುತ್ತು ಮಾಯವಾಗಿತ್ತು, ಬೆಣ್ಣೆ ಇತ್ತು.

ತಮ್ಮೊಳಗೆ ಬರಿದಾಗಿ ಪರರ ಬದುಕಿನ ಬಾಗಿಲಲ್ಲಿ ಕಿವಿಗೊಟ್ಟು ಕೂರುವ ಇಂಥವರನ್ನು ನಂಬುವಂತಿಲ್ಲ, ಬಿಡುವಂತೆಯೂ ಇಲ್ಲ. ಕೊಡುವುದು, ಕದಿಯುವುದು ಎರಡನ್ನೂ ಅವರು ಒಂದೇ ಕೈಯಿಂದ ಮಾಡುತ್ತಾರೆ. ನನ್ನ ತಮ್ಮ ಈಗ ಎರಡು ಕಡೆ ಬದುಕಿದ್ದಾನೆ. ಒಂದು ಕಳವಿನ ಮಾಲೆಂದು ಗೊತ್ತಿದ್ದೂ ಅಲ್ಲಿಂದ ಅವನನ್ನು ಬಿಡಿಸಿ ತರಲು ನನಗೆ ಮನಸ್ಸಾಗುವುದಿಲ್ಲ.