ಕುಸ್ತಿಯ ನಡುವೆ ಮೂವತ್ತು ಸೆಕೆಂಡು

ನಾನು ಒಂದು ವಿಡಿಯೊ ಕ್ಯಾಸೆಟ್. ಜಪಾನಿನ ಒಂದು ಕಾರ್ಖಾನೆಯಲ್ಲಿ ೧೯೮೫ರ ಚಳಿಗಾಲದಲ್ಲಿ ಹುಟ್ಟಿದೆ. ಕಪ್ಪು ಮೈ, ಹೊಟ್ಟೆಯಲ್ಲಿ ಎರಡು ಚಕ್ರ, ಅವುಗಳಿಗೆ ಸುತ್ತಿದ ಉದ್ದನೆಯ ಪಟ್ಟಿ, ಇಷ್ಟೇ ನನ್ನ ಆಸ್ತಿ. ಬೆನ್ನಿನ ಅಂಚಿನಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ಚೂರೊಂದಿತ್ತು. ಅದನ್ನು ಮುರಿದುಬಿಟ್ಟರೆ ನನ್ನ ಮೇಲೆ ಮತ್ತೇನನ್ನೂ ಮುದ್ರಿಸಲು ಬರುವುದಿಲ್ಲ. ಮೂಗು ಕೊಯ್ಸಿಕೊಂಡು ಮಾನ ಉಳಿಸಿಕೊಳ್ಳುವ ಕುಲ ನಮ್ಮದೊಂದೇ ಇರಬೇಕು.

ನನ್ನನ್ನು ಕೊಂಡವರು ನೀಗಾತ ಎಂಬ ಊರಿನ ತೊಕುಜೊ. ಹುಲ್ಲಿನ ಚಾಪೆ ಹೊಲಿಯುವುದು ಅವರ ಕಸುಬು. ಸೂಜಿ ದಬ್ಬಿ ದಬ್ಬಿ ಬೆರಳು ಗಂಟುಗಟ್ಟಿದ್ದವು, ಮುಖವೂ ಗಂಟೇ. ಜನವರಿಯ ಸುಮೊ ಕುಸ್ತಿಯ ಕೊನೆಯ ದಿನವನ್ನು ಅವರು ನನ್ನ ಮೇಲೆ ಮುದ್ರಿಸಿಕೊಂಡರು. ಅಂದು ಕೊನೆಯ ಪಂದ್ಯದಲ್ಲಿ ಸಣ್ಣ ಪೈಲ್ವಾನನೊಬ್ಬ ಮಹಾಮಲ್ಲನನ್ನೇ ಕೆಡವಿದ್ದ. ತೊಕುಜೊ ನನ್ನ ಅಂಚಿನ ಚೂರನ್ನು ಚಾಕುವಿನಿಂದ ಎಬ್ಬಿಸಿ ತೆಗೆದು, "ಇದನ್ನ ಯಾರಾದ್ರೂ ಮುಟ್ಟಿದ್ರೆ ನೋಡಿ!" ಎಂದು ಮನೆಗೆಲ್ಲ ಕೇಳುವಂತೆ ಹೇಳಿದರು. ಮನೆಯೆಲ್ಲ ಎಂದರೆ ಹೆಂಡತಿ ಸದಾಯೊ ಒಬ್ಬರೇ.

ಮಗಳು ಮಿಹೊ ಹಾಡುಗಾರ್ತಿಯಾಗುತ್ತೇನೆಂದು ಮೂರು ವರ್ಷದ ಹಿಂದೆ ಟೋಕಿಯೊಗೆ ಹೋಗಿದ್ದಳು. "ಹಾಗಾದ್ರೆ ಈ ಹೊಸ್ತಿಲು ಮರೆತುಬಿಡು" ಎಂದಿದ್ದರು ಅಪ್ಪ. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಅಮ್ಮನಿಗೆ ಅವಳ ಕಾಗದ ಬಂತು. ಹೊಸ ತುಟಿಬಣ್ಣದ ಜಾಹೀರಾತಿಗೆ ಹಾಡಿದ್ದೇನೆ, ಗುರುವಾರ ಸಂಜೆ ಏಳು ಗಂಟೆಯ ಕಾರ್ಯಕ್ರಮದ ನಡುವೆ ಬರುತ್ತದೆ, ಅಪ್ಪನಿಗೆ ಒಂದು ಸಲ ಕೇಳಿಸು ಎಂದು ಬರೆದಿದ್ದಳು. ಆ ಕಾಲದ ಜಪಾನಿನಲ್ಲಿ ಎಷ್ಟೋ ಹೊಸ ಹಾಡುಗಳು ಮೊದಲು ಕೇಳಿಬರುತ್ತಿದ್ದುದೇ ಜಾಹೀರಾತಿನಲ್ಲಿ. ಋತು ಬದಲಾದರೆ ತುಟಿಬಣ್ಣ ಬದಲು, ತುಟಿಬಣ್ಣದ ಜೊತೆ ಹಾಡೂ ಬದಲು. ಮೊದಲು ಮೂವತ್ತು ಸೆಕೆಂಡಿಗೆ ಬೇಕಾದಷ್ಟು ಮಾತ್ರ ಹಾಡಿಸಿ, ಜನ ಮೆಚ್ಚಿದರೆ ಉಳಿದದ್ದನ್ನು ಬರೆದು ರೆಕಾರ್ಡ್ ತರುವುದೂ ಇತ್ತು. ಮಿಹೊಳ ಹಾಡಿನದೂ ಅದೇ ಕಥೆ. ಮೆಚ್ಚದಿದ್ದರೆ ವಸಂತದೊಂದಿಗೆ ಅದೂ ಮುಗಿಯಿತು.

ಸದಾಯೊಗೆ ಕಾಗದ ತಲುಪಿದ್ದು ಗುರುವಾರ ಸಂಜೆಯೇ. ಗಂಡ ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದರು, ಏಳೂವರೆಗೆ ವಾಪಸ್. ಮನೆಯಲ್ಲಿದ್ದ ಕ್ಯಾಸೆಟ್ ನಾನೊಬ್ಬನೇ. ಆಕೆ ನನ್ನ ಅಂಚಿನ ತೂತಿಗೆ ಅಂಟುಪಟ್ಟಿ ಹಚ್ಚಿದರು. ಮುರಿದ ಮೂಗಿಗೆ ಅಂಟುಪಟ್ಟಿ ಬಿದ್ದರೆ ನಮ್ಮ ವ್ರತವೂ ಮುರಿಯಿತು, ಮತ್ತೆ ಮುದ್ರಿಸಬಹುದು ಎಂದೇ ಲೆಕ್ಕ. ಕುಸ್ತಿಯೆಲ್ಲ ಮುಗಿದ ಮೇಲಿನ ಖಾಲಿ ಜಾಗದಲ್ಲಿ ನಾನು ನಿಂತಿದ್ದೇನೆ ಎಂದು ಆಕೆ ನಂಬಿದ್ದರು. ನಾನು ನಿಂತಿದ್ದು ಕೊನೆಯ ಪಂದ್ಯದ ಬಾಗಿಲಲ್ಲಿ. ಭಾನುವಾರ ಸ್ನೇಹಿತರಿಗೆ ತೋರಿಸಲೆಂದು ತೊಕುಜೊ ಹಿಂದಿನ ದಿನವಷ್ಟೇ ನೋಡಿ ಅಲ್ಲಿಗೆ ನಿಲ್ಲಿಸಿದ್ದರು.

ಬೇಡ ತಾಯಿ, ಬೇಡ ಎಂದು ಕೂಗಲು ನನಗೆ ಬಾಯಿಲ್ಲ. ಜಾಹೀರಾತು ಒಂದು ಹೋಯಿತು, ಎರಡು ಹೋಯಿತು. ಆಕೆಯ ಎರಡು ಬೆರಳು ಯಂತ್ರದ ಎರಡು ಗುಂಡಿಗಳ ಮೇಲೆ ಕಾದಿದ್ದವು. ಚೆರ್ರಿ ಹೂವಿನ ಕೆಳಗೆ ಒಬ್ಬ ಹುಡುಗಿ ತಿರುಗಿ ನೋಡಿದಳು, ಹಾಡು ಶುರುವಾಯಿತು, ಗುಂಡಿಗಳು ಇಳಿದವು. ನನ್ನ ಹೊಟ್ಟೆಯೊಳಗೆ ಮಹಾಮಲ್ಲ ಅಳಿಯುತ್ತಾ ಹೋದ, ಮಿಹೊಳ ದನಿ ಅಂಟುತ್ತಾ ಬಂತು. ಹಾಡು ಮುಗಿಯುವುದಕ್ಕೂ ಬಾಗಿಲಲ್ಲಿ ಮರದ ಚಪ್ಪಲಿ ಸದ್ದಾಗುವುದಕ್ಕೂ ಸರಿಹೋಯಿತು. ಸದಾಯೊ ಗುಂಡಿ ಒತ್ತಿ ನಿಲ್ಲಿಸಿ, ಅಂಟುಪಟ್ಟಿ ಕಿತ್ತು, ಅಡುಗೆಮನೆಗೆ ಓಡಿದರು. ಮುದ್ರಿಸಿಕೊಂಡಿದ್ದಾಯಿತು, ಇನ್ನು ಗಂಡನಿಗೆ ಕೇಳಿಸುವ ಧೈರ್ಯ ಬರಬೇಕಿತ್ತು. ಅದು ಬರಲಿಲ್ಲ.

ಮುಂದಿನ ಮೂರು ದಿನ ನನಗೆ ಮೂರು ಯುಗ. ಆಗಿದ್ದ ಅನಾಹುತ ನನಗೆ ಮಾತ್ರ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಪಕ್ಕದ ಬೀದಿಯ ಬಡಗಿ ಇಸೊಬೆ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ತೊಕುಜೊ ಮೊದಲಿನಿಂದಲೇ ತೋರಿಸೋಣವೆಂದು ನನ್ನನ್ನು ಹಿಂದಕ್ಕೆ ಸುತ್ತಿಸಿ ಓಡಿಸಿದರು. ಪಂದ್ಯದ ಮೇಲೆ ಪಂದ್ಯ ಮುಗಿಯಿತು. ಕೊನೆಗೆ ಮಹಾಮಲ್ಲ ಅಖಾಡಕ್ಕೆ ಬಂದು ವಾಡಿಕೆಯಂತೆ ಉಪ್ಪು ಎರಚಿದ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕೈ ನೆಲಕ್ಕೆ ಊರಿದರು. ನಾಲ್ಕೂ ಜನ ಮುಂದಕ್ಕೆ ಬಾಗಿದರು.

ಚೆರ್ರಿ ಹೂವು ಉದುರಿತು.

"ಏನಯ್ಯಾ ತೊಕುಜೊ, ಪೈಲ್ವಾನರು ತುಟಿಬಣ್ಣ ಹಚ್ಕೊಳ್ಳೋಕೆ ಹೋದ್ರಾ?" ಎಂದು ಇಸೊಬೆ ನಕ್ಕರು.

ಚಹಾದ ತಟ್ಟೆ ಹಿಡಿದು ಬಂದ ಸದಾಯೊ ಬಾಗಿಲಲ್ಲೇ ನಿಂತುಬಿಟ್ಟರು. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಡಿದವರ ಹೆಸರು ಬಂತು. ಮಿಹೊ ಹೆಸರು ಬದಲಿಸಿಕೊಂಡಿರಲಿಲ್ಲ, ಅಪ್ಪನ ಮನೆತನದ ಹೆಸರೇ ಮುಂದಿತ್ತು. ಇಸೊಬೆಯ ನಗು ನಿಂತಿತು. ಹಾಡು ಮುಗಿದು ಮತ್ತೆ ಅಖಾಡ ಕಾಣಿಸಿತು. ಅಷ್ಟರಲ್ಲಿ ಮಹಾಮಲ್ಲ ಬಿದ್ದಾಗಿತ್ತು, ಜನ ಸಂಭ್ರಮದಲ್ಲಿ ತಾವು ಕೂತಿದ್ದ ದಿಂಬುಗಳನ್ನು ಅಖಾಡಕ್ಕೆ ಎಸೆಯುತ್ತಿದ್ದರು.

"ನಾನೇ ಮಾಡಿದ್ದು. ನನಗೇ ಬೈರಿ" ಎಂದರು ಸದಾಯೊ.

ತೊಕುಜೊ ಎದ್ದರು. ನನ್ನನ್ನು ಕಿತ್ತು ಬೀದಿಗೆ ಎಸೆಯುತ್ತಾರೆ ಎಂದುಕೊಂಡೆ. ಅವರು ಯಂತ್ರದ ಮುಂದೆ ಮಂಡಿಯೂರಿ, ಗಂಟು ಬೆರಳಿನಿಂದ ಹಿಂದಕ್ಕೆ ಸುತ್ತುವ ಗುಂಡಿ ಒತ್ತಿದರು.

"ಅಯ್ಯೋ, ಕುಸ್ತಿನೇ ಹೋಯ್ತಲ್ಲೋ!" ಎಂದರು ಇಸೊಬೆ.

"ಯಾರು ಗೆದ್ರು ಅಂತ ಎಲ್ಲರಿಗೂ ಗೊತ್ತಲ್ಲ. ಸುಮ್ನೆ ಕೂತ್ಕೊಂಡು ಹಾಡು ಕೇಳು."

ಸ್ನೇಹಿತರು ಹೋದ ಮೇಲೆ ಸದಾಯೊ ಮಗಳಿಗೆ ಫೋನು ತಿರುಗಿಸಿ ಗಂಡನ ಕೈಗೆ ಕೊಟ್ಟರು. ಆ ಮನುಷ್ಯ ಕೇಳಿದ್ದು ಒಂದೇ ಮಾತು: "ಊಟ ಮಾಡಿದ್ಯಾ?" ನನಗೆ ಕಣ್ಣೀರು ಸುರಿಸಲು ಬರುವುದಿಲ್ಲ, ಬಂದಿದ್ದರೆ ಆ ದಿನವೇ ಕೆಟ್ಟುಹೋಗುತ್ತಿದ್ದೆ.

ಜನ ಆ ಹಾಡನ್ನು ಮೆಚ್ಚಲಿಲ್ಲ. ರೆಕಾರ್ಡ್ ಬರಲೇ ಇಲ್ಲ. ಮಿಹೊ ಮುಂದೆ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಆದಳಂತೆ, ಪ್ರತಿ ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ಮನೆಗೆ ಬರುತ್ತಿದ್ದಳು. ವರ್ಷಗಳು ಕಳೆದು ಮೊದಲು ಸದಾಯೊ, ಆಮೇಲೆ ತೊಕುಜೊ ತೀರಿಕೊಂಡರು. ಮನೆಯ ಹಳೆ ಸಾಮಾನು ಮಾರಾಟವಾಗಿ ಹಡಗು ಹತ್ತಿದಾಗ ನಾನು ಯಂತ್ರದ ಬಾಯಲ್ಲೇ ಉಳಿದಿದ್ದೆ. ಯಾರೂ ತೆರೆದು ನೋಡಲಿಲ್ಲ.

ಹಾಗೆ ಮುಂಬಯಿಯ ಗುಜರಿ ದಾಟಿ ಹುಬ್ಬಳ್ಳಿಗೆ ಬಂದು ಬಿದ್ದೆ. ಟಿವಿ ರಿಪೇರಿಯ ಈರಪ್ಪ ಯಂತ್ರ ಬಿಚ್ಚಿ ನನ್ನನ್ನು ಹೊರಗೆಳೆದರು. ಕುತೂಹಲದಿಂದ ಒಂದು ಸಲ ಓಡಿಸಿದರು. ಕುಸ್ತಿ ಕಂಡಿತು. ಆಮೇಲೆ ಪರದೆಯ ತುಂಬ ಬಿಳಿ ಚುಕ್ಕೆ, ಬರೀ ಸುಂಯ್ ಎನ್ನುವ ಸದ್ದು. ಮತ್ತೆ ಕುಸ್ತಿ. ಅವರು ಪಟ್ಟಿಯನ್ನು ಎಳೆದು ಬೆಳಕಿಗೆ ಹಿಡಿದರು.

"ಉಳಿದಿದ್ದೆಲ್ಲಾ ಚಲೋ ಐತಿ, ನಡುವ ಎರಡ ಮೊಳ ಅಷ್ಟ ಸವದು ಹೋಗೇತಿ ನೋಡ" ಎಂದು ಬುತ್ತಿ ತಂದಿದ್ದ ಹೆಂಡತಿ ಗಂಗವ್ವನಿಗೆ ತೋರಿಸಿದರು. "ಯಾರೋ ಇದೊಂದ ಜಾಗಾನ ಹಿಂದಕ್ಕ ತಿರುಗಿಸಿ ತಿರುಗಿಸಿ ಸಾವಿರ ಸಲ ಹಾಕ್ಯಾರ."

"ಅಂಥಾದ್ದೇನಿತ್ತಂತ ಅದರಾಗ?"

"ಯಾರಿಗ್ಗೊತ್ತ, ಈಗ ಏನೂ ಇಲ್ಲ."

ಈಗ ನಾನು ಅವರ ಅಂಗಡಿಯ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದೇನೆ. ಎಂದೋ ಬಿದ್ದ ಮಹಾಮಲ್ಲನ ಹಿಂದಿನ, ಮುಂದಿನ ಗಲಾಟೆಯೆಲ್ಲ ನನ್ನಲ್ಲಿ ಹಾಗೆಯೇ ಇದೆ. ಮಿಹೊಳ ಹಾಡು ಮಾತ್ರ ಇಲ್ಲ. ಅದನ್ನು ಅವಳ ಅಪ್ಪ ಕೇಳಿ ಕೇಳಿ ಮುಗಿಸಿದರು.