ಪಂಪು ನಿಲ್ಲಿಸಿದ ಹೊತ್ತು

ಸಮುದ್ರದ ತಳದಲ್ಲಿ ಹಾಯುವ ಎಣ್ಣೆ ಪೈಪಿಗೆ ದಪ್ಪ ಹೊದಿಕೆ ಬೇಕು. ಹರಿವು ನಿಂತಾಗ ಎಣ್ಣೆ ಬೇಗ ಆರಿದರೆ ಮೇಣದಂತೆ ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುತ್ತದೆ. ಆ ಹೊದಿಕೆ ತಯಾರಿಸುವ ಕಾರ್ಖಾನೆಯಲ್ಲಿ ಅದನ್ನು ಪರೀಕ್ಷಿಸುವುದು ಅವರೊಬ್ಬರ ಕೆಲಸ. ಪೈಪಿನ ತುಂಡಿಗೆ ಬಿಸಿ ಎಣ್ಣೆ ತುಂಬಿ, ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎಷ್ಟು ಹೊತ್ತಿಗೆ ಆರುವುದೆಂದು ನೋಡುತ್ತ ಕೂರುವರು. ಜೊತೆಯವರು ಅವರನ್ನು ಜ್ವರದ ಡಾಕ್ಟರೆಂದು ಕರೆಯುತ್ತಿದ್ದರು.

ಹೆಂಡತಿಯ ಕಾರ್ಯ ಮುಗಿಸಿ ಕೆಲಸಕ್ಕೆ ಮರಳಿದ ದಿನ, ಅಲ್ಲೇ ದುಡಿಯುತ್ತಿದ್ದ ಅವಳ ತಮ್ಮ ಒಳ್ಳೆಯ ಸುದ್ದಿಯೆಂದೇ ಹೇಳಿದ. ಅವರು ಮಾಡಿದ್ದ ಹಿಂದಿನ ಪರೀಕ್ಷೆಯಲ್ಲಿ ಪೈಪು ಲೆಕ್ಕಕ್ಕಿಂತ ಬಹಳ ಹೊತ್ತು ಬಿಸಿ ಹಿಡಿದಿತ್ತಂತೆ. ಅದೇ ಹೊದಿಕೆಯ ಪೈಪುಗಳನ್ನು ನಾಳೆ ಹಡಗಿಗೆ ಏರಿಸುವರಂತೆ.

ಅವರಿಗೆ ಪಂಪು ನೆನಪಾಯಿತು. ಆ ಪರೀಕ್ಷೆಯ ದಿನ ಆಸ್ಪತ್ರೆಯಿಂದ ಹೆಂಡತಿಯ ಫೋನು ಬಂದಿತ್ತು. ಸಮುದ್ರದ ಹರಿವಿನಂತೆ ತೊಟ್ಟಿಯ ನೀರು ಕದಡುವ ಪಂಪಿನ ಸದ್ದಿನಲ್ಲಿ ಅವಳ ದನಿ ಕೇಳದೆ ಪಂಪು ನಿಲ್ಲಿಸಿದ್ದರು.

"ಕಾಲು ತಣ್ಣಗಾಗ್ತಿದೆ ಕಣ್ರೀ. ನಿಮ್ಮ ಪೈಪಿಗೆ ಹೊದಿಸೋ ಕಂಬಳೀಲಿ ನನಗೂ ಒಂದು ತುಂಡು ತನ್ನಿ," ಎಂದಿದ್ದಳು.

ಅವರು ನಕ್ಕು, ಪರೀಕ್ಷೆ ಮುಗಿಸಿ ಬರುವೆನೆಂದರು. ಮತ್ತೆ ಅವಳ ಮಾತನ್ನೇ ಮೆಲುಕು ಹಾಕುತ್ತ ಕೂತವರು ಪಂಪು ಹಾಕುವುದನ್ನೇ ಮರೆತರು. ನಿಂತ ನೀರು ಪೈಪಿನ ಸುತ್ತ ಬೆಚ್ಚಗಾಗಿ ಇನ್ನೊಂದು ಕಂಬಳಿಯಾಗಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳಿರಲಿಲ್ಲ.

ಇದನ್ನೆಲ್ಲ ಹೇಳಿ, ಸಾಹೇಬರಿಗೆ ತಿಳಿಸುತ್ತೇನೆಂದಾಗ ಭಾವಮೈದ ಬಾಗಿಲು ಮುಂದೆ ಮಾಡಿದ. ಯಾರೂ ನೋಡಿಲ್ಲ, ಹೊದಿಕೆ ಹೇಗೂ ದಪ್ಪವೇ ಇದೆ ಎಂದು ಸಮಾಧಾನ ಹೇಳಿದ. ಆಮೇಲೆ ದನಿ ತಗ್ಗಿಸಿದ.

"ಯಾಕೆ ನಿಲ್ಲಿಸಿದ್ರಿ ಅಂತ ಎಲ್ರೂ ಕೇಳ್ತಾರೆ ಭಾವ. ಅಕ್ಕನ ಹೆಸರು ಹೇಳ್ತೀರಾ?"

"ಅವಳು ಕರೆದಾಗ ಹೋಗಲಿಲ್ಲ. ಈ ಪರೀಕ್ಷೆಗೋಸ್ಕರ ಹೋಗಲಿಲ್ಲ ಕಣೋ. ಇದನ್ನೂ ಕೆಡಿಸಿ ಕೂತ್ಕೊಳ್ಲಾ?"

ಸಾಹೇಬರು ಮೊದಲು ರೇಗಿದರು, ಕಾರಣ ಕೇಳಿದ ಮೇಲೆ ಸುಮ್ಮನಾದರು. ಆ ಸುಮ್ಮನಾದದ್ದೇ ಅವರಿಗೆ ಹೆಚ್ಚು ಚುಚ್ಚಿತು. ಹಡಗಿಗೆ ಏರಿಸುವುದು ನಿಂತಿತು.

ಮರುಪರೀಕ್ಷೆಗೆ ಮುಂಚೆ ಎಂದಿನಂತೆ ಕೈ ಮುಗಿದರು. ಪೈಪು ಗೆಲ್ಲಲೆಂದು ದೇವರನ್ನು ಬೇಡಲು ಬಾಯಿ ಬರಲಿಲ್ಲ. ಪಂಪು ಗುಡುಗಿತು. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಎಣ್ಣೆ ಆರಬೇಕಾದ್ದಕ್ಕಿಂತ ಬೇಗ ಆರಿತು; ಹೊದಿಕೆ ಸೋತಿತ್ತು.

"ಹಡಗಿಗೆ ಏರಿಸಿರ್ಲಿಲ್ಲ, ಬಚಾವಾದ್ವಿ ಭಾವ," ಎಂದ ಭಾವಮೈದ.

ಅವರು ತಲೆಯಾಡಿಸಿದರು. ಕತ್ತರಿಸಿ ಎಸೆದಿದ್ದ ಹೊದಿಕೆಯ ತುಂಡೊಂದು ತೊಟ್ಟಿಯ ಬದಿಯಲ್ಲಿ ಬಿದ್ದಿತ್ತು. ಎತ್ತಿ ನೋಡಿದರು. ಗಟ್ಟಿ, ಒರಟು, ಕಾಲಿಗೆ ಹೊದಿಸುವಂಥದ್ದೇ ಅಲ್ಲ. ಆದರೂ ಚೀಲಕ್ಕೆ ಹಾಕಿಕೊಂಡರು.