ಓನರಮ್ಮ ಬರೆಯದ ಕಾಗದ

ಖಾಲಿ ಬಿದ್ದಿದ್ದ ಮೇಲಿನ ಮನೆಯ ಅಡುಗೆಕಟ್ಟೆಯನ್ನು ಓನರಮ್ಮ ಉಜ್ಜುತ್ತಿದ್ದಳು. ಉಜ್ಜಲು ಅಲ್ಲಿ ಏನೂ ಇರಲಿಲ್ಲ. ಒಂದು ಮಲಗುವ ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆ. ಬಿಟ್ಟುಹೋದ ಬಾಡಿಗೆಯವಳು ಎಲ್ಲವನ್ನೂ ತೊಳೆದು, ಗೋಡೆಯ ಮೊಳೆತೂತುಗಳಿಗೂ ಸುಣ್ಣ ಮೆತ್ತಿ ಹೋಗಿದ್ದಳು. ಆದರೂ ಓನರಮ್ಮನ ಕೈ ನಿಲ್ಲಲಿಲ್ಲ.

ಅಷ್ಟರಲ್ಲಿ ಅವಳೇ ಬಂದಳು. ಸಿಟಿ ಬಸ್ಸಿನ ಕಂಡಕ್ಟರು. ಅಟ್ಟದಲ್ಲಿ ಉಳಿದಿದ್ದ ಪೆಟ್ಟಿಗೆ ಒಯ್ಯಬೇಕಿತ್ತು.

“ಮಗಳು ಬಂದ್ರಾ ಅಮ್ಮಾ?” ಎಂದು ಸುತ್ತ ನೋಡಿದಳು. ತನ್ನ ಮಗಳು ಬಂದು ಇರುತ್ತಾಳೆ ಎಂದು ಹೇಳಿಯೇ ಓನರಮ್ಮ ಅವಳಿಂದ ಮನೆ ಬಿಡಿಸಿದ್ದಳು.

ಓನರಮ್ಮ ಬಟ್ಟೆ ಹಿಂಡಿದಳು.

“ಆ ಹೊಸ ಮನೆಯೋರಿಗೆ ಕಾಗದನಾದ್ರೂ ಬರೆದ್ರಾ? ವಿಳಾಸ ಕೊಟ್ಟಿದ್ನಲ್ಲ. ಯಾಕೆ ಬಿಟ್ಟಳು ಅಂತ ಹಳೆ ಓನರ್ ಬರೆದುಕೊಟ್ರೇನೇ ಮನೆ ಕೊಡೋದು ಅಂತಿದಾರೆ. ಮೂರು ವಾರ ಆಯ್ತು.”

“ಬರೀಬೇಕಮ್ಮಾ. ಈ ಮೊಣಕಾಲು ನೋವು ನೋಡು…”

“ಕಾಗದ ಕೈಲಿ ಬರೆಯೋದಲ್ವಾ ಅಮ್ಮಾ?” ಅವಳು ನಕ್ಕಳು. ನಗು ಬೇಗ ಆರಿತು. “ಶನಿವಾರದವರೆಗೆ ಕಾಯ್ತಾರಂತೆ. ಡಿಪೋದ ರೆಸ್ಟ್ ರೂಮಲ್ಲಿ ಬೆಂಚಿದೆ, ಮಲಗ್ತೀನಿ. ಹೊರಳೋಕೆ ಆಗಲ್ಲ, ಅಷ್ಟೇ.”

ಓನರಮ್ಮನ ಬಾಯಿಂದ ಮಾತು ಜಾರಿತು. “ಜನ ಆಡಿಕೊಳ್ತಿದ್ರು ಕಣೇ. ಒಂಟಿ ಹೆಂಗಸು, ರಾತ್ರಿ ಹನ್ನೊಂದು ಗಂಟೆಗೆ ಬರ್ತಾಳೆ ಅಂತ. ನಾನೂ ಇದೇ ಬೀದೀಲಿ ಬಾಳಬೇಕಲ್ಲ?”

“ಎದುರುಮನೆ ಯಜಮಾನ್ರೂ ನನ್ನ ಬಸ್ಸಲ್ಲೇ ಅದೇ ಹೊತ್ತಿಗೆ ಬರ್ತಿದ್ರು ಅಮ್ಮಾ, ದಿನಾ. ಅವರಿಗೆ ಯಾರೂ ಮನೆ ಖಾಲಿ ಮಾಡಿ ಅನ್ಲಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಓನರಮ್ಮ ತಿರುಗಿ ಏನಾದರೂ ಅನ್ನುತ್ತಿದ್ದಳು. ಪೆಟ್ಟಿಗೆ ಹೊತ್ತವಳು ಮೆಟ್ಟಿಲಿಳಿಯುವವರೆಗೂ ಓನರಮ್ಮನಿಗೆ ತಲೆಯೆತ್ತಲಾಗಲಿಲ್ಲ.

ಕೆಳಗೆ ಬಂದು ಬರೆಯಲು ಕೂತಳು. ‘ಮಗಳಿಗೆ ಮನೆ ಬೇಕಾಗಿ’ ಎಂದು ಬರೆದು ಹರಿದಳು. ಗಂಡ ಇಣುಕಿ ನೋಡಿದ.

“ಒಳ್ಳೆಯವಳು ಅಂತ ಬರೆದು ಮುಗಿಸೇ. ನಮ್ಮ ಮರ್ಯಾದೆ ನಾವೇ ಯಾಕೆ ಕಳ್ಕೋಬೇಕು?”

“ಒಳ್ಳೆಯವಳಾದ್ರೆ ಯಾಕೆ ಬಿಡಿಸಿದ್ರಿ ಅಂತಾರಲ್ರೀ. ಆಗ ಅವಳ ಮರ್ಯಾದೆ ಹೋಗುತ್ತೆ.”

ಗಂಡ ಕನ್ನಡಕ ಒರೆಸುತ್ತಾ ಒಳಗೆ ಹೋದ. ಅವಳು ಬರೆದಳು: ‘ಈಕೆ ನಮ್ಮಲ್ಲಿ ನಾಲ್ಕು ವರ್ಷ ಇದ್ದರು. ದುಡಿದು ತಡವಾಗಿ ಬರುತ್ತಿದ್ದರು. ಬೀದಿಯವರು ಆಡಿಕೊಂಡರು. ಬಾಯಿ ಮುಚ್ಚಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಸುಳ್ಳು ಹೇಳಿ ಬಿಡಿಸಿದೆ. ತಪ್ಪು ನನ್ನದು.’ ಕೆಳಗೆ ‘ಹಳೆ ಮನೆಯವರು’ ಎಂದಷ್ಟೇ ಸಹಿ ಹಾಕಿದಳು.

ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ಕಿಂಡಿಯಲ್ಲಿ ಗುಮಾಸ್ತೆ ಲಕೋಟೆ ತಿರುಗಿಸಿ ನೋಡಿದಳು. “ಕಳಿಸೋರ ಹೆಸರೇ ಇಲ್ವಲ್ಲಮ್ಮಾ? ಯಾರು ಕಳಿಸ್ತಿರೋದು?”

ಹಿಂದೆ ಸಾಲು ನಿಂತಿತ್ತು. ಓನರಮ್ಮ ಒಮ್ಮೆ ತಿರುಗಿ ಸಾಲಿನತ್ತ ನೋಡಿದಳು.

“ನಾನೇ” ಎಂದಳು. “ಸ್ವಲ್ಪ ಪೆನ್ನು ಕೊಡಮ್ಮಾ.”

ಲಕೋಟೆ ಬಿಚ್ಚಿ, ಸಹಿಯ ಜಾಗದಲ್ಲಿ ತನ್ನ ಪೂರ್ತಿ ಹೆಸರು, ಮನೆ ನಂಬರು, ಫೋನ್ ನಂಬರು ಬರೆದಳು. ಹೊರಗೂ ಬರೆದಳು. ಗೋಂದು ಹಚ್ಚಿ ಒತ್ತಿ, ಗಾಜಿನ ಕಿಂಡಿಯೊಳಗೆ ತಳ್ಳಿದಳು.